ಮೂರು ನೋಟು, ಒಂದು ವರದಿ: ‘ಟ್ರೇಡಿಂಗ್ ಪ್ಲೇಸಸ್’ ಚಿತ್ರದಲ್ಲಿ ಸುಳ್ಳು ಸಾಕ್ಷಿ ಕೆಲಸ ಮಾಡುವ ಬಗೆ

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ 1983ರ ಜೂನ್ 8ರಂದು ಅಮೆರಿಕದಲ್ಲಿ ತೆರೆಕಂಡ ‘ಟ್ರೇಡಿಂಗ್ ಪ್ಲೇಸಸ್’ ಎಂಬ ಹಾಸ್ಯ ಚಿತ್ರ. ನಿರ್ದೇಶಿಸಿದವರು ಜಾನ್ ಲ್ಯಾಂಡಿಸ್, ಬರೆದವರು ಟಿಮೊಥಿ ಹ್ಯಾರಿಸ್ ಮತ್ತು ಹರ್ಷಲ್ ವೈನ್‌ಗ್ರಾಡ್. ಮುಖ್ಯ ಜೋಡಿ ಡ್ಯಾನ್ ಆಕ್ರಾಯ್ಡ್ ಮತ್ತು ಎಡ್ಡಿ ಮರ್ಫಿ. ಈ ಚಿತ್ರ ನೋಡಿದವರಲ್ಲಿ ನಗದವರು ಕಡಿಮೆ. ಆದರೆ ಕೊನೆಯ ಹತ್ತು ನಿಮಿಷದಲ್ಲಿ ಆ ಇಬ್ಬರು ದುಡ್ಡು ಮಾಡಿದ್ದು ಹೇಗೆ ಅಂತ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಕಿತ್ತಳೆ ರಸ, ಕಿರುಚಾಟ, ಬೀಳುವ ಬೆಲೆ, ಇಷ್ಟು ನೆನಪಿರುತ್ತದೆ. ಆ ಲೆಕ್ಕವನ್ನು ಇವತ್ತು ಪೂರ್ತಿ ಬಿಡಿಸಿ ನೋಡೋಣ. ಅದಕ್ಕೂ ಮೊದಲು ಚಿತ್ರದ ಮೊದಲ ಭಾಗದಲ್ಲಿ ನಡೆಯುವ ಸುಳ್ಳು ಆರೋಪದ ಕಡೆ ಗಮನ ಕೊಡಬೇಕು, ಯಾಕೆಂದರೆ ಕಿತ್ತಳೆ ರಸದ ಲೆಕ್ಕಕ್ಕೂ ಆ ಆರೋಪಕ್ಕೂ ಇರುವ ಯಂತ್ರ ಒಂದೇ. ಮೊದಲ ಭಾಗದಲ್ಲಿ ಒಬ್ಬನ ಜೇಬಿಗೆ ಮೂರು ನೋಟು ಸೇರಿಸುತ್ತಾರೆ. ಕೊನೆಯಲ್ಲಿ ಒಂದು ಬ್ರೀಫ್‌ಕೇಸಿಗೆ ಸುಳ್ಳು ವರದಿ ಸೇರಿಸುತ್ತಾರೆ. ಎರಡನ್ನೂ ಜನ ನಂಬುವುದು ಕಾಗದ ನೋಡಿ ಅಲ್ಲ, ಅದು ಯಾರ ಕೈಯಿಂದ ಬಂತು ಅನ್ನುವುದನ್ನು ನೋಡಿ.

ಕಥೆ ನಡೆಯುವುದು ಫಿಲಡೆಲ್ಫಿಯಾದಲ್ಲಿ, ಚಳಿಗಾಲದಲ್ಲಿ. ಚಿತ್ರೀಕರಣವೂ 1982ರ ಕೊನೆಗೆ ಶುರುವಾಯಿತು. ಆಗ ಅಮೆರಿಕದ ನಿರುದ್ಯೋಗ ಶೇ 10.8ಕ್ಕೆ ಏರಿತ್ತು. ಆರಂಭದ ದೃಶ್ಯಾವಳಿಯಲ್ಲಿ ನಗರದ ಪ್ರತಿಮೆಗಳು, ಬೀದಿಯ ಬಡವರು, ಹಾಸಿಗೆಗೇ ತಿಂಡಿ ತರಿಸಿಕೊಳ್ಳುವ ಸಿರಿವಂತ ಒಂದರ ಹಿಂದೊಂದು ಬರುತ್ತಾರೆ. ಹಿನ್ನೆಲೆಯಲ್ಲಿ ಮೊಜಾರ್ಟನ ‘ಫಿಗರೋ’ ಒಪೇರಾದ ಮುನ್ನುಡಿ ಸಂಗೀತ. ಆ ಒಪೇರಾದಲ್ಲಿ ಆಳು ತನ್ನ ಒಡೆಯನನ್ನು ಬುದ್ಧಿಯಿಂದ ಗೆಲ್ಲುತ್ತಾನೆ. ಸಂಗೀತ ಹೊಂದಿಸಿದ ಎಲ್ಮರ್ ಬರ್ನ್‌ಸ್ಟೀನ್ ಅವರಿಗೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತು.

ಡ್ಯೂಕ್ ಸಹೋದರರು, ರ‍್ಯಾಂಡಾಲ್ಫ್ ಮತ್ತು ಮಾರ್ಟಿಮರ್, ಸರಕು ದಲ್ಲಾಳಿ ಕಂಪನಿಯ ಮಾಲೀಕರು. ಮಾರ್ಟಿಮರ್‌ನ ಸಿದ್ಧಾಂತಕ್ಕೆ ನಮ್ಮಲ್ಲಿ ಸಿದ್ಧ ಗಾದೆಯೇ ಇದೆ: ಹುಟ್ಟುಗುಣ ಸುಟ್ಟರೂ ಹೋಗದು. ರ‍್ಯಾಂಡಾಲ್ಫ್‌ನದು ಅದರ ಎದುರು: ಹೂವಿನೊಡನೆ ನಾರೂ ಸ್ವರ್ಗಕ್ಕೆ. ಇಬ್ಬರೂ ಒಂದು ಡಾಲರ್ ಪಣ ಕಟ್ಟುತ್ತಾರೆ. ತಮ್ಮ ಕಂಪನಿಯ ಮುಖ್ಯಾಧಿಕಾರಿ, ಬಿಳಿಯ ಲೂಯಿ ವಿಂಥಾರ್ಪ್‌ನನ್ನು (ಆಕ್ರಾಯ್ಡ್) ಬೀದಿಗೆ ತಳ್ಳುವುದು, ಬೀದಿಯ ಕರಿಯ ಬಿಲ್ಲಿ ರೇ ವ್ಯಾಲೆಂಟೈನ್‌ನನ್ನು (ಮರ್ಫಿ) ಅವನ ಕುರ್ಚಿಯಲ್ಲಿ ಕೂರಿಸುವುದು, ಆಮೇಲೆ ಯಾರು ಏನಾಗುತ್ತಾರೆ ಅಂತ ಕಾದು ನೋಡುವುದು.

ಈ ಪಣಕ್ಕೆ ದಾರಿ ಮಾಡಿಕೊಟ್ಟ ಮೊದಲ ಬಂಧನವನ್ನು ಸ್ವಲ್ಪ ನಿಧಾನವಾಗಿ ನೋಡಿ. ವ್ಯಾಲೆಂಟೈನ್ ರಿಟನ್‌ಹೌಸ್ ಚೌಕದಲ್ಲಿ ಚಕ್ರದ ಹಲಗೆಯ ಮೇಲೆ ಕೂತು, ಕಣ್ಣು ಕಾಲು ಕಳೆದುಕೊಂಡ ವಿಯೆಟ್ನಾಂ ಯೋಧನಂತೆ ನಟಿಸಿ ಬೇಡುತ್ತಿರುತ್ತಾನೆ. ಪೊಲೀಸರು ಹಿಡಿದೆತ್ತಿ ನಾಟಕ ಬಯಲಾದಾಗ ಓಡುತ್ತಾನೆ, ಸಿರಿವಂತರ ಹೆರಿಟೇಜ್ ಕ್ಲಬ್ಬಿನ ಎದುರು ವಿಂಥಾರ್ಪ್‌ಗೆ ಡಿಕ್ಕಿಯಾಗುತ್ತಾನೆ. ವಿಂಥಾರ್ಪ್‌ನ ಬ್ರೀಫ್‌ಕೇಸ್ ಕೆಳಗೆ ಬೀಳುತ್ತದೆ. ವ್ಯಾಲೆಂಟೈನ್ ಅದನ್ನು ಎತ್ತಿ ಕೊಡಲು ಹೋಗುತ್ತಾನೆ. ವಿಂಥಾರ್ಪ್ ಕಳ್ಳ ಕಳ್ಳ ಎಂದು ಕೂಗುತ್ತಾನೆ. ಅಲ್ಲಿಗೆ ಮುಗಿಯಿತು. ಕಣ್ಣಾರೆ ಕಂಡ ಸಾಕ್ಷಿ ಬೇಡ, ಬ್ರೀಫ್‌ಕೇಸಿನಲ್ಲಿ ಏನಾದರೂ ಕಾಣೆಯಾಗಿದೆಯೇ ಎಂದು ನೋಡುವುದೂ ಬೇಡ. ಬಂದೂಕು ಹಿಡಿದ ಪೊಲೀಸರ ದಂಡೇ ಕ್ಲಬ್ಬಿನೊಳಗೆ ನುಗ್ಗುತ್ತದೆ. ವಿಂಥಾರ್ಪ್ ಸುಳ್ಳು ಹೇಳುತ್ತಿಲ್ಲ, ಅವನು ನಿಜವಾಗಿಯೂ ಹಾಗೇ ನಂಬಿದ್ದಾನೆ. ತಪ್ಪು ಶಿಕ್ಷೆಗಳ ಕಡತಗಳನ್ನು ಓದಿದವರಿಗೆ ಈ ಪಾತ್ರ ಚೆನ್ನಾಗಿ ಗೊತ್ತು: ಪ್ರಾಮಾಣಿಕವಾಗಿ ತಪ್ಪು ಹೇಳುವ ಸಾಕ್ಷಿದಾರ. ದ್ವೇಷದಿಂದ ಸುಳ್ಳು ಹೇಳುವವನನ್ನು ಪಾಟೀಸವಾಲಿನಲ್ಲಿ ಸಿಕ್ಕಿಸಬಹುದು. ತನ್ನ ಕಣ್ಣನ್ನೇ ನಂಬಿದವನನ್ನು ಅಲುಗಾಡಿಸುವುದು ಬಹಳ ಕಷ್ಟ.

ಎರಡನೇ ಆರೋಪ ಪೂರ್ತಿ ಕಟ್ಟಿದ್ದು. ಡ್ಯೂಕರ ಬಂಟ ಕ್ಲಾರೆನ್ಸ್ ಬೀಕ್ಸ್, ಹೆರಿಟೇಜ್ ಕ್ಲಬ್ಬಿನಲ್ಲಿ ಗುರುತು ಹಾಕಿದ ಮೂರು ಐವತ್ತು ಡಾಲರ್ ನೋಟುಗಳನ್ನು ವಿಂಥಾರ್ಪ್‌ನ ಕೋಟಿಗೆ ಸೇರಿಸುತ್ತಾನೆ. ಆಮೇಲೆ ಎಲ್ಲ ಸದಸ್ಯರ ಎದುರಿಗೇ ಅವು ಸಿಗುತ್ತವೆ. ಗುರುತಿನ ನೋಟು ಅನ್ನುವುದು ನಿಜವಾದ ತನಿಖೆಯಲ್ಲೂ ಬಳಸುವ ವಿಧಾನ. ನಮ್ಮಲ್ಲಿ ಲಂಚದ ಬಲೆ ಬೀಸುವಾಗಲೂ ನೋಟಿಗೆ ಫಿನಾಲ್ಫ್ಥಲೀನ್ ಪುಡಿ ಸವರುತ್ತಾರೆ. ಕೈ ತೊಳೆಸಿದಾಗ ಸೋಡಾ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇಂಥ ಸಾಕ್ಷಿ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಮೂರು ಕಾಗದ ಬೇಕು. ನೋಟಿನ ಸಂಖ್ಯೆಗಳನ್ನು ಮೊದಲೇ ಬರೆದಿಟ್ಟ ಪಟ್ಟಿ, ಅದಕ್ಕೆ ಸಂಬಂಧವಿಲ್ಲದ ಪಂಚರ ಸಹಿ, ನೋಟು ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತು ಎಂಬ ದಾಖಲೆ. ಕ್ಲಬ್ಬಿನ ದೃಶ್ಯದಲ್ಲಿ ಈ ಮೂರೂ ಇಲ್ಲ. ಗುರುತು ಹಾಕಿದವನೇ ಹುಡುಕುವವನು, ಹುಡುಕುವವನೇ ಸಾಕ್ಷಿ. ಆದರೂ ಯಾರೂ ಒಂದು ಪ್ರಶ್ನೆ ಕೇಳುವುದಿಲ್ಲ, ಯಾಕೆಂದರೆ ಅವನ ಬೆನ್ನ ಹಿಂದೆ ನಿಂತವರು ಡ್ಯೂಕರು. ನಿನ್ನೆಯವರೆಗೆ ವಿಂಥಾರ್ಪ್‌ನ ಮಾತು ಪೊಲೀಸರಿಗೆ ವೇದವಾಗಿತ್ತು. ಇವತ್ತು ಅವನಿಗಿಂತ ಮೇಲಿನವರ ಮಾತು ಬಂದಿದೆ.

ಠಾಣೆಯಲ್ಲಿ ಇನ್ನೊಂದು ಹೆಜ್ಜೆ. ಜೇಬಿನ ಸಾಮಾನು ಪಟ್ಟಿ ಮಾಡುವಾಗ ಲಂಚ ತಿಂದ ಅಧಿಕಾರಿ ಪಿಸಿಪಿ ಎಂಬ ಮಾದಕ ವಸ್ತು ಸಿಕ್ಕಿತೆಂದು ತೋರಿಸುತ್ತಾನೆ. ಬೀದಿಯಲ್ಲಿ ಅದಕ್ಕೆ ಏಂಜಲ್ ಡಸ್ಟ್ ಎಂಬ ಹೆಸರಿತ್ತು. ಸಣ್ಣ ಕಳ್ಳತನ ಈಗ ಮಾದಕ ವಸ್ತುವಿನ ಪ್ರಕರಣ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತೇವಲ್ಲ, ಅದರ ಒಂದೊಂದು ಮೆಟ್ಟಿಲನ್ನೂ ಚಿತ್ರ ತೋರಿಸುತ್ತದೆ. ಬ್ಯಾಂಕ್ ಖಾತೆ ಸ್ಥಗಿತ, ಕ್ರೆಡಿಟ್ ಕಾರ್ಡ್ ರದ್ದು, ಮನೆಯ ಬೀಗ ಬದಲು. ಮನೆ ಕಂಪನಿಯದೇ, ಮನೆಗೆಲಸದ ಕೋಲ್ಮನ್‌ನ ಸಂಬಳವೂ ಕಂಪನಿಯದೇ. ಜಾಮೀನು ಕೊಟ್ಟು ಬಿಡಿಸಲು ಬಂದ ಭಾವೀ ಹೆಂಡತಿಯ ಎದುರಿಗೇ, ಬೀಕ್ಸ್ ದುಡ್ಡು ಕೊಟ್ಟು ಕಳಿಸಿದ ಒಫೀಲಿಯಾ ಎಂಬ ಹೆಣ್ಣು ವಿಂಥಾರ್ಪ್‌ನನ್ನು ಹಿಡಿದು ಮುತ್ತಿಡುತ್ತಾಳೆ. ಸಂಬಂಧ ಮುರಿಯುತ್ತದೆ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಇಡೀ ಚಿತ್ರದಲ್ಲಿ ನ್ಯಾಯಾಲಯದ ವಿಚಾರಣೆ ಇಲ್ಲ. ವಕೀಲರ ವಾದವಿಲ್ಲ, ತೀರ್ಪಿಲ್ಲ. ಆದರೂ ಒಂದೆರಡು ದಿನದೊಳಗೆ ಶಿಕ್ಷೆ ಪೂರ್ತಿ ಜಾರಿಯಾಗಿದೆ. ಶಿಕ್ಷೆ ಕೊಟ್ಟವರು ಕ್ಲಬ್ಬು, ಬ್ಯಾಂಕು, ಮನೆ, ಗೆಳೆಯರು.

ನಿಜ ಜೀವನದಲ್ಲಿ ಇದೇ ಘಟ್ಟದಲ್ಲಿ ಬಡವರ ದಾರಿ ಬೇರೆಯಾಗುತ್ತದೆ. ವಿಂಥಾರ್ಪ್‌ಗೆ ಜಾಮೀನು ಕಟ್ಟಲು ಒಬ್ಬಳಾದರೂ ಬಂದಳು. ಅಮೆರಿಕದಲ್ಲಿ ಜಾಮೀನಿನ ಹಣ ಹೊಂದಿಸಲಾಗದವನ ಎದುರು ಸರ್ಕಾರಿ ವಕೀಲರು ಒಂದು ಕೊಡುಗೆ ಇಡುತ್ತಾರೆ: ತಪ್ಪೊಪ್ಪಿಕೋ, ಕೆಲವೇ ದಿನದಲ್ಲಿ ಮನೆಗೆ ಹೋಗಬಹುದು, ಒಪ್ಪದಿದ್ದರೆ ವಿಚಾರಣೆ ಬರುವ ತನಕ ಒಳಗಿರು. ಟೆಕ್ಸಸ್‌ನ ಹ್ಯಾರಿಸ್ ಕೌಂಟಿಯಲ್ಲಿ, ಅಂದರೆ ಹ್ಯೂಸ್ಟನ್ ನಗರ ಇರುವ ಕೌಂಟಿಯಲ್ಲಿ, ಇದರ ಫಲ ಲೆಕ್ಕಕ್ಕೇ ಸಿಕ್ಕಿತು. ಪೊಲೀಸರು ರಸ್ತೆಯಲ್ಲೇ ಮಾಡುವ ಅಗ್ಗದ ರಾಸಾಯನಿಕ ಪರೀಕ್ಷೆಯಲ್ಲಿ ಬಣ್ಣ ಬದಲಾಯಿತೆಂದು ಜನರನ್ನು ಹಿಡಿದಿದ್ದರು. ಆ ಪರೀಕ್ಷೆಯಲ್ಲಿ ನಿರಪಾಯದ ವಸ್ತುಗಳಿಗೂ ಅದೇ ಬಣ್ಣ ಬರಬಲ್ಲದು. ಹಿಡಿಸಿಕೊಂಡವರು ತಪ್ಪೊಪ್ಪಿಕೊಂಡರು. ಎಷ್ಟೋ ಕಾಲದ ಮೇಲೆ ಪ್ರಯೋಗಾಲಯ ತನ್ನ ಸರದಿಯಂತೆ ಪರೀಕ್ಷಿಸಿದಾಗ ಅದರಲ್ಲಿ ಮಾದಕ ವಸ್ತುವೇ ಇರಲಿಲ್ಲ. ಹೀಗೆ ನಿರಪರಾಧಿಗಳೆಂದು ಸಾಬೀತಾದವರು ಅದೊಂದೇ ಕೌಂಟಿಯಲ್ಲಿ ನೂರಕ್ಕೂ ಹೆಚ್ಚು. ಮಾಡದ ತಪ್ಪನ್ನು ಯಾರಾದರೂ ಯಾಕೆ ಒಪ್ಪಿಕೊಳ್ಳುತ್ತಾರೆ ಅಂತ ಕೇಳುವವರಿಗೆ ಉತ್ತರ ಇದೇ: ಜಾಮೀನಿನ ದುಡ್ಡಿಲ್ಲ, ವಾರ ಕೆಲಸಕ್ಕೆ ಹೋಗದಿದ್ದರೆ ಕೆಲಸವೂ ಇಲ್ಲ.

ಚಿತ್ರ ವರ್ಗಭೇದದ ಬಗ್ಗೆ ಭಾಷಣ ಮಾಡುವುದಿಲ್ಲ. ವಸ್ತುಗಳ ಮೂಲಕ ತೋರಿಸುತ್ತದೆ. ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿ ಇಡೋಣ.

ಮೊದಲನೆಯದು ಹೂದಾನಿ. ಹೊಸ ಮನೆಗೆ ಬಂದ ವ್ಯಾಲೆಂಟೈನ್ ಸಿಕ್ಕಿದ್ದನ್ನೆಲ್ಲ ಜೇಬಿಗೆ ತುಂಬಿಕೊಳ್ಳುತ್ತಿರುತ್ತಾನೆ. ಇವೆಲ್ಲ ನಿನ್ನವೇ ಎಂದರೂ ನಂಬುವುದಿಲ್ಲ. ಅವನ ಕೈಯಲ್ಲೇ ಒಂದು ಹೂದಾನಿ ಒಡೆಯುತ್ತದೆ. ಕೊಂಡ ಬೆಲೆ 35,000 ಡಾಲರ್, ವಿಮೆಯವರಿಗೆ ತೋರಿಸಿದ ಬೆಲೆ 50,000. ನೀನು ಆಗಲೇ ನಮಗೆ 15,000 ಸಂಪಾದಿಸಿಕೊಟ್ಟೆ ಅನ್ನುತ್ತಾರೆ ಡ್ಯೂಕರು. ಇದು ವಿಮಾ ವಂಚನೆಯ ಒಪ್ಪಿಗೆ. ಆ ಕೋಣೆಯಲ್ಲಿ ಯಾರಿಗೂ ಅದು ಅಪರಾಧವಾಗಿ ಕೇಳಿಸುವುದಿಲ್ಲ, ಜಾಣ್ಮೆಯಾಗಿ ಕೇಳಿಸುತ್ತದೆ.

ಎರಡನೆಯದು ಕೈಗಡಿಯಾರ. ಬೀದಿಗೆ ಬಿದ್ದ ವಿಂಥಾರ್ಪ್ ಅದನ್ನು ಗಿರವಿ ಅಂಗಡಿಗೆ ಒಯ್ಯುತ್ತಾನೆ. ಪ್ಯಾರಿಸ್, ಲಂಡನ್, ರೋಮ್ ಮೊದಲಾದ ಊರುಗಳ ಸಮಯ ಒಟ್ಟಿಗೇ ತೋರಿಸುತ್ತದೆ, ಅಂಗಡಿ ಬೆಲೆ 6,955 ಡಾಲರ್ ಎಂದು ವಿವರಿಸುತ್ತಾನೆ. ಗಿರವಿಯವನು, ಆ ಪಾತ್ರ ಮಾಡಿದವರು ರಾಕ್ ಸಂಗೀತಗಾರ ಬೋ ಡಿಡ್ಲಿ, ಅದು ಕದ್ದ ಮಾಲೇ ಎಂದು ತೀರ್ಮಾನಿಸಿ ಫಿಲಡೆಲ್ಫಿಯಾದಲ್ಲಿ ಇದರ ಬೆಲೆ ಐವತ್ತು ಡಾಲರ್ ಅನ್ನುತ್ತಾನೆ. ಗಡಿಯಾರ ಅದೇ. ಕಟ್ಟಿಕೊಂಡವನ ಕೋಟು ಬದಲಾಗಿದೆ, ಅಷ್ಟಕ್ಕೇ ಬೆಲೆಯ ನೂರರಲ್ಲಿ 99 ಪಾಲು ಹೋಗಿದೆ. ಯಾವ ಅರ್ಥಶಾಸ್ತ್ರದ ಪಾಠವೂ ಇಷ್ಟು ಚೊಕ್ಕವಾಗಿ ಹೇಳಲಾರದು.

ಇನ್ನು ಆ ಹಂದಿಮಾಂಸದ ದೃಶ್ಯ. ಕಚೇರಿಯ ಮೊದಲ ದಿನ ಡ್ಯೂಕರು ವ್ಯಾಲೆಂಟೈನ್‌ಗೆ ಸರಕು ಮಾರುಕಟ್ಟೆಯನ್ನು ಮಗುವಿಗೆ ಹೇಳುವಂತೆ ವಿವರಿಸುತ್ತಾರೆ: ಇದು ಗೋಧಿ, ಇದು ಕಾಫಿ, ಇದು ಹಂದಿಯ ಹೊಟ್ಟೆಮಾಂಸ, ಇದರಿಂದ ಬೇಕನ್ ಮಾಡುತ್ತಾರೆ. ಬೆಲೆ ಬೀಳುತ್ತಿದೆ, ಏನು ಮಾಡೋಣ ಅಂತ ಕೇಳಿದಾಗ ಅವನ ಉತ್ತರ ನೇರ. ಕ್ರಿಸ್‌ಮಸ್ ಹತ್ತಿರ ಬಂತು. ಸರಕು ಹಿಡಿದಿಟ್ಟುಕೊಂಡವನು ಮಗನಿಗೆ ಆಟಿಕೆ ಕೊಳ್ಳಲು ದುಡ್ಡಿಲ್ಲದೆ ಹೆದರಿದ್ದಾನೆ, ಹೆದರಿಕೆಯಲ್ಲಿ ಮಾರುತ್ತಾನೆ. 64ಕ್ಕೆ ಇಳಿಯುವ ತನಕ ಕಾಯಿರಿ, ಆಗ ಕೊಳ್ಳಿ. ಹಾಗೇ ಆಗುತ್ತದೆ. ದುಡ್ಡಿಲ್ಲದ ಮನೆಯಲ್ಲಿ ಹಬ್ಬ ಹತ್ತಿರ ಬಂದಾಗ ಏನಾಗುತ್ತದೆ ಅನ್ನುವುದು ಅವನಿಗೆ ಗೊತ್ತು. ಡ್ಯೂಕರಿಗೆ ಅದು ಗೊತ್ತಿಲ್ಲ. ಆಳಾಗಬಲ್ಲವನು ಅರಸನಾಗಬಲ್ಲ ಎಂಬ ಮಾತಿಗೆ ಇಷ್ಟು ನಿಖರವಾದ ಕಾರಣ ಬೇರೆಲ್ಲೂ ಸಿಗದು.

ಆದರೆ ಚಿತ್ರದ ಅತ್ಯಂತ ಧೈರ್ಯದ ದೃಶ್ಯ ಕ್ರಿಸ್‌ಮಸ್ ಪಾರ್ಟಿ. ವಿಂಥಾರ್ಪ್ ಹರಕು ಸಾಂಟಾ ವೇಷ ಹಾಕಿಕೊಂಡು ಕಂಪನಿಯೊಳಗೆ ನುಗ್ಗುತ್ತಾನೆ. ಏನು ಮಾಡಲು? ವ್ಯಾಲೆಂಟೈನ್‌ನ ಮೇಜಿನ ಡ್ರಾಯರಿನಲ್ಲಿ ಮಾದಕ ವಸ್ತು ಇಡಲು. ತನಗೆ ಯಾವ ರೀತಿ ಮಾಡಿದರೋ ಅದನ್ನೇ ಇನ್ನೊಬ್ಬನಿಗೆ ಮಾಡಲು. ಅನ್ಯಾಯಕ್ಕೆ ಸಿಕ್ಕವನು ಅದರಿಂದ ಒಳ್ಳೆಯವನಾಗಿಬಿಡುತ್ತಾನೆ ಎಂಬ ಭ್ರಮೆ ಈ ಚಿತ್ರಕ್ಕಿಲ್ಲ. ಅವನಿಗೆ ಇನ್ನೂ ಕರಿಯ ಮನುಷ್ಯನೇ ಕಳ್ಳ. ಮುಂದಿನ ತಿರುವು ಇದೇ ದೃಶ್ಯದಿಂದ ಹುಟ್ಟುತ್ತದೆ: ಡ್ರಾಯರಿನಲ್ಲಿ ಸಿಕ್ಕ ಗಾಂಜಾ ಹಿಡಿದು ಶೌಚಾಲಯಕ್ಕೆ ಹೋದ ವ್ಯಾಲೆಂಟೈನ್, ಅಲ್ಲಿ ಡ್ಯೂಕರು ಒಂದು ಡಾಲರ್ ಪಣ ಚುಕ್ತಾ ಮಾಡುವುದನ್ನು ಕೇಳಿಸಿಕೊಳ್ಳುತ್ತಾನೆ. ಗೆದ್ದವನು ರ‍್ಯಾಂಡಾಲ್ಫ್. ಆದರೆ ಕರಿಯನೊಬ್ಬ ನಮ್ಮ ಕುಟುಂಬದ ವ್ಯವಹಾರ ನಡೆಸುವುದು ಆಗದ ಮಾತು ಎಂದು ಇಬ್ಬರೂ ಒಪ್ಪುತ್ತಾರೆ. ಇವನನ್ನೂ ಬೀದಿಗೆ ವಾಪಸು ಕಳಿಸುವುದು ಖಚಿತ. ಪ್ರಯೋಗದ ಫಲ ಕೈಯಲ್ಲಿದ್ದರೂ ಅದಕ್ಕೆ ಕವಡೆ ಕಿಮ್ಮತ್ತಿಲ್ಲ. ಇಬ್ಬರೂ ಜೋಡಿಯಾಗುವುದು ಇಲ್ಲಿಂದ ಮೇಲೆ. ಸ್ನೇಹಕ್ಕೆ ಮೊದಲು ಇಬ್ಬರ ಪ್ರಕರಣದ ಕಡತ ಒಂದೇ ಎಂದು ಗೊತ್ತಾಗಬೇಕಾಯಿತು.

ಈಗ ಕಿತ್ತಳೆ ರಸ. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು.

ವ್ಯಾಪಾರವಾಗುವ ಸರಕು ಹೆಪ್ಪುಗಟ್ಟಿಸಿದ ಸಾಂದ್ರ ಕಿತ್ತಳೆ ರಸ. ರಸದ ನೀರನ್ನು ಆವಿ ಮಾಡಿ ಗಟ್ಟಿಗೊಳಿಸಿ ಶೀತಲಗೃಹದಲ್ಲಿ ಇಡುತ್ತಾರೆ. ನ್ಯೂಯಾರ್ಕಿನಲ್ಲಿ ಇದರ ವಾಯಿದೆ ವ್ಯಾಪಾರ 1966ರಲ್ಲಿ ಶುರುವಾಯಿತು. ವಾಯಿದೆ ಒಪ್ಪಂದ ಎಂದರೆ ಇಂಥ ತಿಂಗಳು, ಇಷ್ಟು ಸರಕು, ಇವತ್ತು ಒಪ್ಪಿದ ಬೆಲೆಗೆ ಕೊಡುತ್ತೇನೆ ಅಥವಾ ಕೊಳ್ಳುತ್ತೇನೆ ಎಂಬ ಮಾತು. ಒಂದು ಒಪ್ಪಂದ ಎಂದರೆ 15,000 ಪೌಂಡ್ ಕಿತ್ತಳೆಯ ಘನಾಂಶ. ಬೆಲೆ ಪೌಂಡಿಗೆ ಇಷ್ಟು ಸೆಂಟ್ ಎಂದು. ಚಿಕ್ಕಮಗಳೂರು, ಕೊಡಗಿನ ಕಾಫಿ ಬೆಳೆಗಾರರಿಗೆ ಇದು ಹೊಸದಲ್ಲ. ಅವರು ಬೆಳಗ್ಗೆದ್ದು ನೋಡುವ ನ್ಯೂಯಾರ್ಕ್ ಅರೇಬಿಕಾ ದರ ಇದೇ ಬಗೆಯದು: ಒಂದು ಒಪ್ಪಂದಕ್ಕೆ 37,500 ಪೌಂಡ್, ಬೆಲೆ ಸೆಂಟಿನಲ್ಲಿ. ಇವತ್ತು ಅರೇಬಿಕಾ ಮತ್ತು ಕಿತ್ತಳೆ ರಸ ಎರಡರ ವಾಯಿದೆಯೂ ನಡೆಯುವುದು ಒಂದೇ ವಿನಿಮಯ ಕೇಂದ್ರದಲ್ಲಿ. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಮೂಡಿಗೆರೆಯ ಬೆಲೆ ಏರುವುದು ಹೇಗೋ, ಫ್ಲಾರಿಡಾದಲ್ಲಿ ಹಿಮ ಬಿದ್ದರೆ ಈ ರಸದ ಬೆಲೆ ಏರುವುದೂ ಹಾಗೇ.

ಹಿಮ ಎಂದರೆ ಎಷ್ಟು? ಫ್ಲಾರಿಡಾದ ತೋಟಗಾರರ ಅಳತೆ 28 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆಗಿಂತ ಸುಮಾರು 2.2 ಡಿಗ್ರಿ ಸೆಲ್ಸಿಯಸ್ ಕೆಳಗೆ, ನಾಲ್ಕು ಗಂಟೆ. ಅಷ್ಟು ಹೊತ್ತು ಅಷ್ಟು ಚಳಿ ನಿಂತರೆ ಹಣ್ಣಿನ ಒಳಗೆ ಮಂಜುಗಡ್ಡೆ ಕಟ್ಟಿ ತೊಳೆಗಳು ಒಡೆಯುತ್ತವೆ. ಆಮೇಲೆ ಬಿಸಿಲು ಬಂದರೆ ಹಣ್ಣು ಒಣಗುತ್ತಾ ಹೋಗುತ್ತದೆ, ಆದಷ್ಟು ಬೇಗ ಕಿತ್ತು ರಸದ ಕಾರ್ಖಾನೆಗೆ ಸಾಗಿಸಬೇಕು. ಹಾಗಾಗಿ ಚಳಿಗಾಲದಲ್ಲಿ ಕೃಷಿ ಇಲಾಖೆಯ ಬೆಳೆ ಅಂದಾಜು ಏನು ಹೇಳುತ್ತದೆ ಎಂಬುದರ ಮೇಲೆ ಕೋಟಿಗಟ್ಟಲೆ ಡಾಲರ್ ನಿಂತಿರುತ್ತದೆ.

ಡ್ಯೂಕರ ಸಂಚು ಇದು: ಆ ವರದಿ ಹೊರಬೀಳುವ ಮೊದಲೇ ಬೀಕ್ಸ್ ಕೈಯಿಂದ ಅದನ್ನು ತರಿಸಿಕೊಳ್ಳುವುದು. ಹೊಸ ವರ್ಷದ ಹಿಂದಿನ ರಾತ್ರಿ ರೈಲಿನಲ್ಲಿ ನಮ್ಮ ಜೋಡಿ, ಕೋಲ್ಮನ್ ಮತ್ತು ಒಫೀಲಿಯಾ ಸೇರಿ ಆ ವರದಿಯನ್ನು ಬದಲಿಸುತ್ತಾರೆ. ನಿಜವಾದ ವರದಿ: ಚಳಿಯಿಂದ ಬೆಳೆಗೆ ತೊಂದರೆಯಾಗಿಲ್ಲ, ಬೆಲೆ ಇಳಿಯುತ್ತದೆ. ಡ್ಯೂಕರ ಕೈಗೆ ಕೊಟ್ಟ ವರದಿ: ಬೆಳೆ ಹಾಳಾಗಿದೆ, ಬೆಲೆ ಏರುತ್ತದೆ. ಡ್ಯೂಕರು ಅದನ್ನು ಪರೀಕ್ಷಿಸುವುದಿಲ್ಲ. ತಮ್ಮ ನಂಬಿಕೆಯ ಬಂಟನ ಕಡೆಯಿಂದ, ನಿರೀಕ್ಷಿಸಿದ ಹೊತ್ತಿಗೆ, ನಿರೀಕ್ಷಿಸಿದ ಚೀಲದಲ್ಲಿ ಬಂದ ಕಾಗದ ಅದು. ಕ್ಲಬ್ಬಿನ ಸದಸ್ಯರು ಮೂರು ನೋಟುಗಳನ್ನು ನಂಬಿದ್ದು ಇದೇ ರೀತಿ. ಚಿತ್ರಕಥೆ ಬರೆದವರ ಕೈಚಳಕ ನನ್ನ ದೃಷ್ಟಿಯಲ್ಲಿ ಇಲ್ಲಿದೆ: ಡ್ಯೂಕರನ್ನು ಕೆಡವಿದ ಆಯುಧವನ್ನು ಡ್ಯೂಕರೇ ಮೊದಲು ಬಳಸಿದ್ದರು.

ಆಮೇಲಿನ ವ್ಯಾಪಾರ ನಡೆಯುವುದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಸರಕು ವಿನಿಮಯ ಅಂಗಳದಲ್ಲಿ. ಕಿಕ್ಕಿರಿದವರಲ್ಲಿ ನಿಜವಾದ ವ್ಯಾಪಾರಿಗಳೂ ಇದ್ದಾರೆ. ಅಲ್ಲಿ ಕೂಗಿನ ಜೊತೆ ಕೈಸನ್ನೆ: ಅಂಗೈ ತನ್ನ ಕಡೆ ಇದ್ದರೆ ಕೊಳ್ಳುತ್ತೇನೆ, ಹೊರಗೆ ಇದ್ದರೆ ಮಾರುತ್ತೇನೆ. ಬೆಲೆ ಶುರುವಾಗುವುದು 102 ಸೆಂಟಿಗೆ. ಡ್ಯೂಕರ ದಲ್ಲಾಳಿ ವಿಲ್ಸನ್ ಕೊಳ್ಳುತ್ತಲೇ ಹೋಗುತ್ತಾನೆ. ಉಳಿದವರು ಡ್ಯೂಕರಿಗೆ ಏನೋ ಸುಳಿವು ಸಿಕ್ಕಿದೆ ಎಂದುಕೊಂಡು ತಾವೂ ಕೊಳ್ಳುತ್ತಾರೆ. ಬೆಲೆ 142ಕ್ಕೆ ಏರುತ್ತದೆ. ಅಲ್ಲಿಯ ತನಕ ನಮ್ಮ ಜೋಡಿ ಬಾಯಿ ಬಿಡುವುದಿಲ್ಲ. 142ರಲ್ಲಿ ವಿಂಥಾರ್ಪ್ ಕೂಗುತ್ತಾನೆ: ಏಪ್ರಿಲ್ ಒಪ್ಪಂದ ಮೂವತ್ತು, 142ಕ್ಕೆ ಮಾರಾಟ.

ಅವನ ಬಳಿ ಒಂದು ಲೋಟ ರಸವೂ ಇಲ್ಲ. ಇಲ್ಲದ್ದನ್ನು ಮಾರುವುದು ಹೇಗೆ ಎಂಬಲ್ಲೇ ಹೆಚ್ಚಿನ ಪ್ರೇಕ್ಷಕರು ತಪ್ಪಿಹೋಗುವುದು. ಅವನು ಮಾರುತ್ತಿರುವುದು ಏಪ್ರಿಲ್‌ನಲ್ಲಿ ಕೊಡುತ್ತೇನೆ ಎಂಬ ಮಾತನ್ನು. ಏಪ್ರಿಲ್ ಬರುವ ಮೊದಲು ಅಷ್ಟೇ ಒಪ್ಪಂದಗಳನ್ನು ಬೇರೆಯವರಿಂದ ಕೊಂಡುಬಿಟ್ಟರೆ ಕೊಡುವ ಬಾಕಿ ಮತ್ತು ಪಡೆಯುವ ಬಾಕಿ ಹೊಡೆದುಹೋಗಿ ಲೆಕ್ಕ ಮುಗಿಯುತ್ತದೆ. ಕೈಯಲ್ಲಿ ಉಳಿಯುವುದು ಬೆಲೆಯ ವ್ಯತ್ಯಾಸ. ಮೊದಲು ಮಾರಿ ಆಮೇಲೆ ಕೊಂಡರೆ ಬೆಲೆ ಬಿದ್ದಷ್ಟೂ ಲಾಭ.

ಅಷ್ಟರಲ್ಲಿ ಟಿವಿಯಲ್ಲಿ ಕೃಷಿ ಕಾರ್ಯದರ್ಶಿ ವರದಿ ಓದುತ್ತಾರೆ: ಚಳಿ ಬೆಳೆಗೆ ಧಕ್ಕೆ ಮಾಡಿಲ್ಲ. ಒಂದು ಕ್ಷಣ ಅಂಗಳ ಸ್ತಬ್ಧ. ಆಮೇಲೆ ಎಲ್ಲರೂ ಮಾರಲು ಮುಗಿಬೀಳುತ್ತಾರೆ. ಕೊಳ್ಳುವವರು ಇಬ್ಬರೇ, ವ್ಯಾಲೆಂಟೈನ್ ಮತ್ತು ವಿಂಥಾರ್ಪ್. ಬೆಲೆ 29ಕ್ಕೆ ಬಂದು ನಿಲ್ಲುತ್ತದೆ.

ಒಂದು ಒಪ್ಪಂದದ ಲೆಕ್ಕ ಹಾಕೋಣ. 142 ಸೆಂಟಿಗೆ 15,000 ಪೌಂಡ್ ಎಂದರೆ 21,300 ಡಾಲರ್. 29 ಸೆಂಟಿಗೆ 4,350. ವ್ಯತ್ಯಾಸ 16,950 ಡಾಲರ್. ಮೂವತ್ತು ಒಪ್ಪಂದಕ್ಕೆ 5,08,500. ಇದು ಆ ಮೊದಲ ಕೂಗಿನ ಲಾಭ ಮಾತ್ರ. ಅದಾದ ಮೇಲೆ, ವರದಿ ಬರುವ ತನಕ, ಅವರಿಬ್ಬರೂ ಮಾರುತ್ತಲೇ ಇರುತ್ತಾರೆ. ಡ್ಯೂಕರದು ಇದರ ಉಲ್ಟಾ. ಸಂಜೆ ವಿನಿಮಯ ಕೇಂದ್ರದವರು ಬಂದು 39.4 ಕೋಟಿ ಡಾಲರ್ ತಕ್ಷಣ ಕಟ್ಟಿ ಅನ್ನುತ್ತಾರೆ. ಒಂದು ಒಪ್ಪಂದಕ್ಕೆ ಹೆಚ್ಚೆಂದರೆ 16,950 ನಷ್ಟ ಎಂದು ಹಿಡಿದರೂ ಅವರು ಕನಿಷ್ಠ 23,000 ಒಪ್ಪಂದ ಕೊಂಡಿರಬೇಕು, ಸುಮಾರು 1.58 ಲಕ್ಷ ಟನ್ ಘನಾಂಶ.

ಮಾರ್ಜಿನ್ ಎಂಬುದನ್ನು ಇಲ್ಲಿ ತಿಳಿಯಬೇಕು. ವಾಯಿದೆಯಲ್ಲಿ ಪೂರ್ತಿ ಹಣ ಮೊದಲೇ ಕೊಡಬೇಕಾಗಿಲ್ಲ, ಸಣ್ಣ ಪಾಲನ್ನು ಠೇವಣಿ ಇಟ್ಟರೆ ಸಾಕು. ಉದಾಹರಣೆಗೆ 2,000 ಡಾಲರ್ ಇಟ್ಟು 21,300ರ ಒಪ್ಪಂದ ಹಿಡಿಯಬಹುದು ಎಂದುಕೊಳ್ಳಿ. ಬೆಲೆ 14 ಸೆಂಟ್ ಬಿದ್ದರೆ ನಷ್ಟ 2,100, ಠೇವಣಿ ಖಾಲಿ. ಲೆಕ್ಕವನ್ನು ದಿನದಿನವೂ ಚುಕ್ತಾ ಮಾಡುತ್ತಾರೆ, ಕೊರತೆ ತುಂಬದಿದ್ದರೆ ಆಸ್ತಿಗೆ ಕೈ ಹಾಕುತ್ತಾರೆ. ಚಿತ್ರಕ್ಕೆ ಮೂರು ವರ್ಷ ಮೊದಲು ಇದು ನಿಜವಾಗಿಯೂ ನಡೆದಿತ್ತು. ಟೆಕ್ಸಸ್‌ನ ಹಂಟ್ ಸಹೋದರರು ಬೆಳ್ಳಿಯನ್ನು ಗುಡ್ಡೆ ಹಾಕಿಕೊಂಡಿದ್ದರು. ಬೆಲೆ ಔನ್ಸಿಗೆ 50 ಡಾಲರ್ ಹತ್ತಿರ ಹೋಗಿ, 1980ರ ಮಾರ್ಚ್ 27ರಂದು 11 ಡಾಲರಿನ ಆಸುಪಾಸಿಗೆ ಕುಸಿದಾಗ ಮಾರ್ಜಿನ್ ಕಟ್ಟಲಾಗದೆ ಕೈ ಚೆಲ್ಲಿದರು.

ಚಿತ್ರ ತಪ್ಪಿರುವ ಕಡೆಗಳೂ ಇವೆ, ಅವನ್ನೂ ಹೇಳಬೇಕು. ಕಿತ್ತಳೆ ರಸಕ್ಕೆ ಏಪ್ರಿಲ್ ಒಪ್ಪಂದವೇ ಇಲ್ಲ. ಜನವರಿ, ಮಾರ್ಚ್, ಮೇ, ಜುಲೈ, ಸೆಪ್ಟೆಂಬರ್, ನವೆಂಬರ್ ಅಷ್ಟೇ. ಒಂದು ದಿನದಲ್ಲಿ ಬೆಲೆ ಇಷ್ಟೇ ಏರಬಹುದು, ಇಷ್ಟೇ ಇಳಿಯಬಹುದು ಎಂಬ ಮಿತಿ ಇದ್ದುದರಿಂದ 142ರಿಂದ 29ಕ್ಕೆ ಒಂದೇ ದಿನ ಬೀಳುವುದು ಅಸಾಧ್ಯವಿತ್ತು. ಇನ್ನು ವರದಿ ರೈಲಿನಲ್ಲಿ ಚೀಲದೊಳಗೆ ಹೋಗುವುದೇ ಇಲ್ಲ. ಬೆಳೆ ಅಂದಾಜು ಸಿದ್ಧವಾಗುವ ದಿನ ವಾಷಿಂಗ್ಟನ್ನಿನ ಕೃಷಿ ಇಲಾಖೆಯ ಕಟ್ಟಡದ ಒಂದು ಭಾಗಕ್ಕೆ ಬೀಗ ಬೀಳುತ್ತದೆ. ಬಾಗಿಲಲ್ಲಿ ಕಾವಲು, ಫೋನ್ ಸಂಪರ್ಕ ಕಡಿತ, ಕಿಟಕಿಯ ಪರದೆಗಳು ಮುಚ್ಚಿ ಭದ್ರ. ಪ್ರಕಟವಾಗುವ ಗಳಿಗೆಯ ತನಕ ಒಳಗಿದ್ದವರು ಹೊರಗೆ ಬರುವಂತಿಲ್ಲ. ಪರದೆಯ ಮೇಲೆ ಯಾಕಿಷ್ಟು ಗಮನ? 1905ರಲ್ಲಿ ಹತ್ತಿ ಬೆಳೆಯ ಅಂಕಿ ಸೋರಿದಾಗ ಇಲಾಖೆಯ ಅಧಿಕಾರಿಯೊಬ್ಬ ಕಿಟಕಿಯ ಪರದೆ ಏರಿಸಿ ಇಳಿಸಿ ಹೊರಗಿನವರಿಗೆ ಸನ್ನೆ ಮಾಡಿದ್ದ.

ಕದ್ದ ಸರ್ಕಾರಿ ವರದಿ ಹಿಡಿದು ವ್ಯಾಪಾರ ಮಾಡಿದ್ದು ಅಪರಾಧವಲ್ಲವೇ ಎಂದು ಕೇಳುತ್ತೀರಿ. ವರದಿ ಕದಿಯುವುದು, ಲಂಚ ಕೊಡುವುದು, ಮನುಷ್ಯನನ್ನು ಕಟ್ಟಿಹಾಕುವುದು ಆಗಲೂ ಅಪರಾಧವೇ. ಆದರೆ ಕದ್ದ ಮಾಹಿತಿಯ ಮೇಲೆ ಸರಕು ವಾಯಿದೆ ಮಾಡುವುದನ್ನು ನೇರವಾಗಿ ತಡೆಯುವ ಕಾನೂನು ಇರಲಿಲ್ಲ. ಕಂಪನಿಯ ಒಳಗುಟ್ಟು ತಿಳಿದು ಷೇರು ವ್ಯಾಪಾರ ಮಾಡಬಾರದೆಂಬ ನಿಯಮ ಸರಕಿಗೆ ಹಾಗೇ ಅನ್ವಯಿಸುತ್ತಿರಲಿಲ್ಲ. 2010ರಲ್ಲಿ ವಾಯಿದೆ ನಿಯಂತ್ರಣ ಆಯೋಗದ ಅಧ್ಯಕ್ಷ ಗ್ಯಾರಿ ಗೆನ್ಸ್ಲರ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಈ ಚಿತ್ರವನ್ನೇ ಉದಾಹರಿಸಿ ನಿಷೇಧ ಕೇಳಿದರು. ಅದೇ ಜುಲೈನಲ್ಲಿ ಸಹಿಯಾದ ಡಾಡ್-ಫ್ರಾಂಕ್ ಕಾಯ್ದೆಯ 746ನೇ ಕಲಮು ಆ ಕಿಂಡಿ ಮುಚ್ಚಿತು. ವ್ಯಾಪಾರ ವಲಯದಲ್ಲಿ ಅದನ್ನು ಎಡ್ಡಿ ಮರ್ಫಿ ನಿಯಮ ಎಂದೇ ಕರೆಯುತ್ತಾರೆ. ಹಾಸ್ಯ ಚಿತ್ರವೊಂದು ಕಾನೂನಿನ ಬಿರುಕನ್ನು 27 ವರ್ಷ ಮೊದಲೇ ತೋರಿಸಿತ್ತು.

ಫ್ಲಾರಿಡಾದ ಹವಾಮಾನವಂತೂ ಚಿತ್ರದ ಮಾತಿಗೆ ಕಾಯಲಿಲ್ಲ. ತೆರೆಕಂಡ ವರ್ಷದ ಕ್ರಿಸ್‌ಮಸ್ ಹೊತ್ತಿಗೇ ಹಣ್ಣು ಹೆಪ್ಪುಗಟ್ಟಿಸುವ ಭಾರಿ ಚಳಿ ಬಂತು, 1985ರ ಜನವರಿಯಲ್ಲಿ ಮತ್ತೊಂದು. ಉತ್ತರದ ಎಷ್ಟೋ ತೋಟಗಳು ಶಾಶ್ವತವಾಗಿ ಹೋದವು, ಕಿತ್ತಳೆ ಬೇಸಾಯ ದಕ್ಷಿಣಕ್ಕೆ ಸರಿಯಿತು, ರಸದ ವ್ಯಾಪಾರದಲ್ಲಿ ಬ್ರೆಜಿಲ್ ಮುಂದೆ ಬಂತು.

ಚಿತ್ರದ ಕುಂದುಗಳನ್ನು ಮುಚ್ಚಿಟ್ಟರೆ ಅದಕ್ಕೆ ಅನ್ಯಾಯ ಮಾಡಿದಂತೆ. ರೈಲಿನಲ್ಲಿ ಆಕ್ರಾಯ್ಡ್ ಮುಖಕ್ಕೆ ಕಪ್ಪು ಬಳಿದುಕೊಂಡು ಜಮೈಕಾದವನ ವೇಷ ಹಾಕುವುದು ಅಂದೂ ಕೆಟ್ಟದ್ದೇ, ಇಂದೂ ಕೆಟ್ಟದ್ದೇ. ವರ್ಣಭೇದವನ್ನು ಇಷ್ಟು ಸೂಕ್ಷ್ಮವಾಗಿ ಬಿಡಿಸಿದ ಚಿತ್ರ ತಾನೇ ಅದರೊಳಗೆ ಕಾಲಿಟ್ಟಿದೆ. ಬೀಕ್ಸ್‌ನನ್ನು ಗೊರಿಲ್ಲಾದ ಪಂಜರಕ್ಕೆ ತಳ್ಳುವ ತಮಾಷೆಯ ತಳದಲ್ಲಿರುವುದು ಅತ್ಯಾಚಾರ, ಅದಕ್ಕೆ ನಗಬೇಕಾಗಿಲ್ಲ. ಒಫೀಲಿಯಾ ತನ್ನ ದುಡ್ಡಿನ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಇಟ್ಟವಳು. ಅವಳು ಕೂಡಿಟ್ಟ ಹಣವೂ ಕೋಲ್ಮನ್‌ನ ಉಳಿತಾಯವೂ ಆ ದಿನದ ಬಂಡವಾಳ. ಆದರೂ ಕ್ಯಾಮೆರಾ ಅವಳ ಬುದ್ಧಿಗಿಂತ ಮೈಯನ್ನು ಹೆಚ್ಚು ನೋಡುತ್ತದೆ. ಆ ಪಾತ್ರ ಮಾಡಿದ ಜೇಮಿ ಲೀ ಕರ್ಟಿಸ್ ಮತ್ತು ಕೋಲ್ಮನ್ ಆದ ಡೆನ್‌ಹೋಮ್ ಎಲಿಯಟ್ ಇಬ್ಬರಿಗೂ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಸಿಕ್ಕಿತು, ನ್ಯಾಯವಾಗಿಯೇ.

ಈ ಪಾತ್ರಗಳಿಗೆ ಮೊದಲು ಯೋಚಿಸಿದ್ದು ರಿಚರ್ಡ್ ಪ್ರಯರ್ ಮತ್ತು ಜೀನ್ ವೈಲ್ಡರ್ ಜೋಡಿಯನ್ನು. ಅವರು 1980ರಲ್ಲಿ ಸಿಡ್ನಿ ಪಾಟಿಯೆ ನಿರ್ದೇಶಿಸಿದ ‘ಸ್ಟರ್ ಕ್ರೇಜಿ’ಯಲ್ಲಿ ಮಾಡದ ಬ್ಯಾಂಕ್ ದರೋಡೆಗೆ ತಲಾ 125 ವರ್ಷ ಶಿಕ್ಷೆ ಅನುಭವಿಸಲು ಹೋಗುವ ಗೆಳೆಯರಾಗಿದ್ದರು. ಅಲ್ಲಿ ದರೋಡೆಕೋರರು ಇವರು ಕೆಲಸಕ್ಕೆ ಹಾಕುತ್ತಿದ್ದ ಮರಕುಟಿಗದ ವೇಷ ಕದ್ದು ತೊಟ್ಟಿದ್ದೇ ಸಾಕ್ಷಿ. ಅದರಲ್ಲಿ ಇಬ್ಬರೂ ಒಂದೇ ಕೋಣೆಯ ಕೈದಿಗಳು. ‘ಟ್ರೇಡಿಂಗ್ ಪ್ಲೇಸಸ್’ ಹೆಚ್ಚು ತೂಕದ್ದು ಅನಿಸುವುದು, ಇಬ್ಬರನ್ನೂ ಸರದಿಯ ಮೇಲೆ ಆರೋಪಿಯಾಗಿಯೂ ಆರೋಪಿಸುವವನಾಗಿಯೂ ನಿಲ್ಲಿಸುತ್ತದೆ ಎಂಬ ಕಾರಣಕ್ಕೆ.

ಕೊನೆಗೊಂದು ವಿಷಯ, ಸಾಮಾನ್ಯವಾಗಿ ಯಾರೂ ಗಮನಿಸದ್ದು. ಕಡಲತೀರದಲ್ಲಿ ಎಲ್ಲರೂ ನಗುತ್ತಾ ಚಿತ್ರ ಮುಗಿಯುತ್ತದೆ, ಆದರೆ ವಿಂಥಾರ್ಪ್ ಮೇಲಿನ ಪಿಸಿಪಿ ಪ್ರಕರಣ ಏನಾಯಿತು ಎಂದು ಚಿತ್ರ ಹೇಳುವುದಿಲ್ಲ. ಅವನು ನಿರಪರಾಧಿ ಎಂದು ಯಾವ ಕಾಗದವೂ ಬರೆದಿಲ್ಲ. ಅವನಿಗೆ ದುಡ್ಡಿದೆ, ಕಾಗದ ಬೇಕಾಗಿಲ್ಲ. ಅದೇ ಫಿಲಡೆಲ್ಫಿಯಾದಲ್ಲಿ 1990ರ ದಶಕದಲ್ಲಿ 39ನೇ ಪೊಲೀಸ್ ಜಿಲ್ಲೆಯ ಅಧಿಕಾರಿಗಳು ಮಾದಕ ವಸ್ತು ಇಟ್ಟು, ಸುಳ್ಳು ವರದಿ ಬರೆದು ಜನರನ್ನು ಒಳಗೆ ಹಾಕಿದ್ದನ್ನು ಒಪ್ಪಿಕೊಂಡರು. ಅಲ್ಲಿ ಸಿಕ್ಕಿಬಿದ್ದವರು ಹೆಚ್ಚಿನವರು ನಗರದ ಉತ್ತರ ಭಾಗದ ಬಡ ಕರಿಯರು. ಅವರಿಗೆ ಕಾಗದ ಬೇಕೇ ಬೇಕಿತ್ತು: ಕೆಲಸದ ಅರ್ಜಿಗೆ, ಬಾಡಿಗೆ ಮನೆಗೆ. ಒಬ್ಬೊಬ್ಬರ ಕಡತವನ್ನೂ ಬೇರೆಬೇರೆ ತೆಗೆದು, ಆ ಅಧಿಕಾರಿಯ ಮಾತೊಂದೇ ಸಾಕ್ಷಿಯಾಗಿತ್ತೇ ಎಂದು ನೋಡಿ, ನ್ಯಾಯಾಧೀಶರ ಮುಂದಿಟ್ಟು, ಶಿಕ್ಷೆ ರದ್ದು ಮಾಡಿಸಬೇಕಾಯಿತು. ಹಾಗೆ ರದ್ದಾದ ಶಿಕ್ಷೆಗಳು ನೂರಕ್ಕೂ ಹೆಚ್ಚು.